ಗುಡ್ಡ ಏರುವ ಮುಂಚೆ ತಿಂದದ್ದು

ಸೈನಿಕರ ನೆನಪುಗಳನ್ನು ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದದ್ದು ನನ್ನ ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ. ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಮಡಗಾಂವಿನ ನಮ್ಮ ಫ್ಲ್ಯಾಟಿಗೆ ಬಂದು, ಚಹಾ ಕುಡಿದು, ಬಸಿಯನ್ನು ಕಪ್ಪಿನ ಮೇಲೆ ಮುಚ್ಚಿಟ್ಟು, "ನೀವು ಕಾನ್ವೆಂಟಿನ್ಯಾಗ ಕಲಿತವರು, ಶಿಸ್ತು ಅದ. ಮಿಲಿಟ್ರಿಯವರಿಗೂ ಶಿಸ್ತು ಅದ. ಜೋಡಿ ಹೊಂದತದ," ಎಂದರು. ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಕಲಿಸಿದ ಶಿಸ್ತೆಂದರೆ ಬೆನ್ನು ನೆಟ್ಟಗಿಟ್ಟು ಕೂರುವುದು, ಇನ್ನೊಬ್ಬರ ಮಾತನ್ನು ನಡುವೆ ಕತ್ತರಿಸದಿರುವುದು, ತಟ್ಟೆಗೆ ಬಡಿಸಿದ್ದನ್ನು ಬಿಡದೆ ತಿನ್ನುವುದು. ಈ ಕೆಲಸದಲ್ಲಿ ಮೂರೂ ಬೇಕಾದವು. ಮೂರನೆಯದು ಕಡೆಗೆ ಬೇಕಾಯಿತು, ಮತ್ತು ಅದೇ ಎಲ್ಲಕ್ಕಿಂತ ಕಷ್ಟದ್ದಾಗಿತ್ತು.

ಸಂಘದ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬೇಕಿತ್ತು. ಉತ್ತರದ ಹಿಮಗುಡ್ಡಗಳ ಯುದ್ಧದಲ್ಲಿ ಒಂದೇ ತುಕಡಿಯಲ್ಲಿದ್ದ ವಿಜಯಪುರ ಕಡೆಯ ಮೂವರು ಗೆಳೆಯರ ಕಥೆ. ಇಬ್ಬರು ಮರಳಿ ಬಂದರು, ಒಬ್ಬರು ಬರಲಿಲ್ಲ. ಮರಳಿದವರಲ್ಲಿ ಒಬ್ಬರು ಸುಬೇದಾರರಾಗಿ ನಿವೃತ್ತರಾಗಿ ಕೊರ್ತಾಲಿಮ್‌ನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಇನ್ನೊಬ್ಬರು ಹವಾಲ್ದಾರರಾಗಿ ನಿವೃತ್ತರಾಗಿ ಕುಂಕಳ್ಳಿಯ ಒಂದು ಕಾರ್ಖಾನೆಯ ಗೇಟು ಕಾಯುತ್ತಾರೆ. ಬಾರದೇ ಉಳಿದವರನ್ನು ಇಬ್ಬರೂ "ಪೈಲ್ವಾನ" ಎಂದೇ ಕರೆಯುತ್ತಾರೆ. ಅವರ ಹೆಂಡತಿ ತಮ್ಮನ ಆಸರೆಗೆಂದು ಬಂದು ಕುಡಚಡೆಯಲ್ಲಿ ನೆಲೆಸಿದವರು, ಜೋಳದ ರೊಟ್ಟಿ ಬಡಿದು ಮಾರುತ್ತಾರೆ.

"ರೋಮಾಂಚನ ಇರಲಿ," ಎಂದು ಕಾರ್ಯದರ್ಶಿಗಳು ಮೆಟ್ಟಿಲು ಇಳಿಯುತ್ತ ಹೇಳಿದರು. "ಗುಂಡಿನ ಸಪ್ಪಳ ಕೇಳಬೇಕು ಓದಾವ್ರಿಗೆ."

ಮೊದಲು ಸುಬೇದಾರರ ಅಂಗಡಿಗೆ ಹೋದೆ. ಜುವಾರಿ ಸೇತುವೆಗೆ ಹೋಗುವ ಗಾಡಿಗಳ ಗದ್ದಲದಲ್ಲಿ ಅದೊಂದು ಪುಟ್ಟ ದಂಡಿನ ಠಾಣ್ಯ. ಬಿಸ್ಕೀಟಿನ ಪೊಟ್ಟಣಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ಸೋಪುಗಳು ಒಂದೇ ಕಡೆ ಮುಖ ಮಾಡಿದ್ದವು. ತೂಗುಹಾಕಿದ ಶಾಂಪೂ ಪೊಟ್ಟಣಗಳಲ್ಲಿ ಒಂದು ಮಾತ್ರ ತಿರುಗಿಕೊಂಡಿತ್ತು, ನಾನು ಅದನ್ನು ನೋಡಿದ್ದನ್ನು ಅವರು ನೋಡಿ ಕೂಡಲೇ ಸರಿಪಡಿಸಿದರು. ನಾನು ಫೋನಿನಲ್ಲಿ ಧ್ವನಿಮುದ್ರಣ ಶುರುಮಾಡಿ, ಹುಣಸೆಹಣ್ಣಿನ ಡಬ್ಬಿಯ ಮೇಲೆ ಇಟ್ಟು, ಮನೆಯಲ್ಲಿ ಬರೆದುಕೊಂಡು ಬಂದ ಮೊದಲ ಪ್ರಶ್ನೆ ಓದಿದೆ. "ಸೈನ್ಯಕ್ಕೆ ಸೇರಲು ನಿಮಗೆ ಪ್ರೇರಣೆ ಯಾವುದು?"

"ಊಟರಿ."

"ಅಂದ್ರ?"

"ಅಂದ್ರ ದಿನಾ ಮೂರ್ ಹೊತ್ತು ಊಟ. ಅದರಾಗ ಮಟನ್ ಬ್ಯಾರೆ."

ಪ್ರೇರಣೆಯನ್ನು ಅಲ್ಲಿಗೇ ಬಿಟ್ಟು ಯುದ್ಧಕ್ಕೆ ಬಂದೆ. ಅವರು ಎದ್ದು ನಿಂತರು. ಯುದ್ಧದ ಮಾತಿಗೆ ಕೂತು ಉತ್ತರಿಸುವುದು ಅವರಿಗೆ ಬರುವುದಿಲ್ಲ ಎಂದು ಆಮೇಲೆ ತಿಳಿಯಿತು.

"ಶತ್ರು ಮ್ಯಾಲಿದ್ದ. ನಾವು ಕೆಳಗಿದ್ವಿ. ಹತ್ತಿದ್ವಿ. ಆಮ್ಯಾಲೆ ನಾವು ಮ್ಯಾಲಿದ್ವಿ."

ನಾನು ಕಾದೆ. ಒಬ್ಬ ಗಿರಾಕಿ ಬಂದು ಎಣ್ಣೆ ಕೇಳಿದ, ಕೊಟ್ಟರು.

"ಅಷ್ಟ ಏನ್ರಿ?"

"ಅಷ್ಟರಿ. ನಡುವ ಸ್ವಲ್ಪ ಹೊತ್ತು ಹತ್ತಿತು." ಆಮೇಲೆ ಗಿರಾಕಿಗಳ ನಡುವೆ ಇನ್ನೆರಡು ಮಾತು ಗೊಣಗಿದರು, ಗಾಡಿಗಳ ಗದ್ದಲದಲ್ಲಿ ನನಗೆ ಕೇಳಲಿಲ್ಲ.

ಹವಾಲ್ದಾರರದು ತದ್ವಿರುದ್ಧ. ಕುಂಕಳ್ಳಿಯ ಗೇಟಿನಲ್ಲಿ ಅವರು ಮಾತು ಶುರುಮಾಡಿದರೆ ನಿಲ್ಲಿಸುವ ಬ್ರೇಕಿಲ್ಲ. ಆದರೆ ಅವರ ಯುದ್ಧವೆಲ್ಲ ಕಾಲುಚೀಲದ್ದು. ಕಾಲುಚೀಲ ಹೇಗೆ ಹೆಪ್ಪುಗಟ್ಟುತ್ತದೆ, ಹೇಗೆ ಹೊಟ್ಟೆಗೆ ಕಟ್ಟಿಕೊಂಡು ಮಲಗಿ ಮೈಯ ಕಾವಿಗೇ ಒಣಗಿಸಬೇಕು, ಯಾರ ಕಾಲುಚೀಲವನ್ನು ಯಾರು ಕದ್ದರು, ಕದ್ದವನು ಕಾಲಿನ ನಡಿಗೆಯಲ್ಲೇ ಹೇಗೆ ಸಿಕ್ಕಿಬಿದ್ದ. "ಒಣಾ ಸಾಕ್ಸ್ ಇದ್ದವನ ರಾಜಾರಿ ಬಾಯಾರ. ಜನರಲ್ ಸಾಬ್ ಬಂದ್ರೂ ಮೊದಲ ಅವರ ಬೂಟ್ ನೋಡ್ತಿದ್ವಿ." ನಾನು ತಾಳ್ಮೆಯಿಂದ ಕೂತೆ, ಮಾತು ಕತ್ತರಿಸಬಾರದಲ್ಲ. ಕಡೆಗೊಮ್ಮೆ ಅವರ ದನಿ ತಗ್ಗಿತು. "ಮಷೀನ್‌ಗನ್ ಹೊಡೀತದಲ್ರಿ, ಅದರ ಸಪ್ಪಳ ಹೆಂಗ ಅಂದ್ರ, ಹೊಸಾ ಸೀರಿ ಕಿವಿ ಹಂತೇಕ ಹರದಂಗ. ನಾ ಬಂಡಿಗಲ್ಲಿನ ಮರಿಗೆ ಬಿದ್ದಿದ್ದೆ. ಪೈಲ್ವಾನ ನನ್ನ ಕಡೆ ತಿರುಗಿ…"

ಅಷ್ಟರಲ್ಲಿ ಒಂದು ಲಾರಿ ಗೇಟಿಗೆ ಬಂದು ಹಾರ್ನ್ ಬಾರಿಸಿತು. ಅವರು ನೆಟ್ಟಗಾಗಿ, ಸಲ್ಯೂಟ್ ಹೊಡೆದು, ಚಾಲಕನ ಜೊತೆ ಕೊಂಕಣಿಯಲ್ಲಿ ಜಗಳವಾಡಿ, ಗೇಟು ತೆರೆದು, ಮುಚ್ಚಿ ಬಂದರು. "ಎಲ್ಲಿದ್ವಿ?"

"ಪೈಲ್ವಾನರು ನಿಮ್ಮ ಕಡೆ ತಿರುಗಿದ್ರು."

ಅವರು ಲಾರಿ ಹೋದ ದಾರಿಯನ್ನೇ ನೋಡಿದರು. "ಹಾಂ. ಸಾಕ್ಸ್ ವಿಷಯ ಏನಂದ್ರರಿ…" ಎಂದರು.

ಮೂರನೆಯ ಭೇಟಿ ಕುಡಚಡೆಗೆ, ಪೈಲ್ವಾನರ ಭಾವಚಿತ್ರ ತರಲು. ಅದಿರಿನ ಲಾರಿಗಳು ಓಡುವ ರಸ್ತೆಗೆ ಹತ್ತಿರದ ಮನೆ. ಹೊರಗೆ ಒಣಹಾಕಿದ ಬಿಳಿ ಬಟ್ಟೆಗೂ ಕೆಂಪು ಅಂಚು ಬಂದಿತ್ತು. ಅಕ್ಕ (ನಾನು ಅವರನ್ನು ಹಾಗೇ ಕರೆದೆ) ಭಾವಚಿತ್ರದ ಗಾಜನ್ನು ಸೆರಗಿನಿಂದ ಒರೆಸಿ ಕೊಟ್ಟರು. ಮೀಸೆ ತಿರುವಿದ, ಕೊರಳು ದಪ್ಪನೆಯ, ಇನ್ನೂ ಮೂವತ್ತು ತುಂಬದ ಮುಖ. ಅದನ್ನು ಒರೆಸುವ ಕೈಗೆ ಮಾತ್ರ ವಯಸ್ಸಾಗಿತ್ತು.

"ಬಾಯಾರ, ನೀವು ಅವರಿಬ್ಬರನ್ನ ಕೇಳಿ ಬರಕೊಳ್ಳಾಕತ್ತೀರಂತ," ಎಂದರು. "ನಂದೊಂದು ಕೇಳಿ ಕೊಡ್ತೀರೇನು? ಗುಡ್ಡ ಏರೂ ಮುಂಚೆ ಅವತ್ತ ಇಂವ ಏನ್ ತಿಂದ?"

ಅವರ ಮನೆತನದ ಪದ್ಧತಿಯೊಂದಿತ್ತು. ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ, ತೀರಿಕೊಂಡವರು ಕಡೆಯದಾಗಿ ಏನು ತಿಂದಿದ್ದರೋ ಅದನ್ನೇ ಎಲೆಯ ಮೇಲೆ ಮೊದಲು ಬಡಿಸಬೇಕು. ಇಷ್ಟು ವರ್ಷ ಊರಿನಲ್ಲಿ ಅತ್ತೆ ಎಡೆ ಇಡುತ್ತಿದ್ದರು. ಮಗ ಏನು ತಿಂದನೋ ಗೊತ್ತಿಲ್ಲದೆ ಹೋಳಿಗೆ ಬಡಿಸುತ್ತಿದ್ದರು. ಈ ವರ್ಷ ಅತ್ತೆಗೆ ಕೈಲಾಗದೆ, "ಇನ್ನ ನೀನ ಇಡು" ಎಂದಿದ್ದರು.

"ಹೋಳಿಗಿ ಇಂವ ಮುಟ್ಟತಿರಲಿಲ್ರಿ," ಎಂದರು ಅಕ್ಕ. "ವರ್ಷಾ ಬಂದು ಹೋಳಿಗಿ ನೋಡಿ ಹೊಳ್ಳಿ ಹೋಗಿರತಾನ. ಉಪಾಸ."

"ಅವರಿಬ್ಬರನ್ನ ನೀವ ಕೇಳಬಹುದಿತ್ತಲ್ರಿ?"

"ಕೇಳೇನಿ. ಒಬ್ರು ಮ್ಯಾಲ ನೋಡ್ತಾರ, ಒಬ್ರು ಕೆಳಗ ನೋಡ್ತಾರ. ಚಹಾ ಆರತದಂತ ಎದ್ದ ಹೋಗತಾರ. ನಾ ಇನ್ನೂ ಚಹಾ ಕೊಟ್ಟಿರೂದಿಲ್ಲ."

ಇದೇನು ದೊಡ್ಡ ಮಾತು, ಎರಡು ಫೋನಿನ ಕೆಲಸ ಎಂದುಕೊಂಡು, ಅಮಾವಾಸ್ಯೆಯೊಳಗೆ ಹೇಳುತ್ತೇನೆಂದು ನಾನು ಮಾತು ಕೊಟ್ಟುಬಿಟ್ಟೆ. ಅಕ್ಕ ಕೂಡಲೇ ಎದ್ದು ಒಂದು ಕಟ್ಟು ಖಡಕ್ ರೊಟ್ಟಿ ಕಟ್ಟಿಕೊಟ್ಟರು. ತೆಗೆದುಕೊಂಡ ಮೇಲೆ ಮಾತು ಹಿಂದೆ ತೆಗೆಯುವಂತಿರಲಿಲ್ಲ.

ಮನೆಗೆ ಬಂದು ಸುಬೇದಾರರಿಗೆ ಫೋನ್ ಮಾಡಿದೆ.

"ಶಿರಾ," ಎಂದರು. "ತುಪ್ಪದ ಶಿರಾ. ಬರಕೊಳ್ರಿ."

ಖಾತ್ರಿಗಿರಲೆಂದು ಹವಾಲ್ದಾರರಿಗೂ ಮಾಡಿದೆ.

"ಉಪ್ಪಿಟ್ಟರಿ. ಯಾಕ, ಸುಬೇದಾರ ಸಾಹೇಬ್ರು ಏನಂದ್ರು?"

"ಶಿರಾ ಅಂದ್ರು."

"ಅವರಿಗೆ ಸಕ್ಕರಿ ಬ್ಯಾನಿ ಐತ್ರಿ. ಡಾಕ್ಟರ್ ಸಿಹಿ ಬಿಡಿಸಿದಾಗಿಂದ ಕನಸಿನ್ಯಾಗೂ ಶಿರಾನ ಕಾಣತದ ಅವರಿಗೆ."

ಇದನ್ನು ನಾನು ಸುಬೇದಾರರಿಗೆ ತಲುಪಿಸಬಾರದಿತ್ತು. ಆದರೆ ಮಾತು ಸ್ಪಷ್ಟಪಡಿಸಿಕೊಳ್ಳುವ ಉತ್ಸಾಹದಲ್ಲಿ ತಲುಪಿಸಿದೆ. "ಆಂವಗ ಏನ್ ಗೊತ್ತರಿ?" ಎಂದು ಅವರು ಗುಡುಗಿದರು. "ಆವಾಗ ಆಂವ ಇನ್ನೂ ಸಿಪಾಯಿ!" ಆವಾಗ ತಾವೂ ಸಿಪಾಯಿಯೇ ಆಗಿದ್ದುದು ಅವರಿಗೆ ನೆನಪಿದ್ದಂತಿರಲಿಲ್ಲ. ಸಂಜೆಯ ಹೊತ್ತಿಗೆ ಇಬ್ಬರೂ ಪರಸ್ಪರ ಫೋನ್ ಎತ್ತುವುದನ್ನು ನಿಲ್ಲಿಸಿದರು. ಯುದ್ಧವನ್ನು ಬರೆದುಕೊಳ್ಳಲು ಹೋದ ನಾನು ಹೊಸದೊಂದನ್ನು ಹಚ್ಚಿಟ್ಟು ಬಂದಿದ್ದೆ.

ನಮ್ಮ ಮನೆಯವರು ಕಚೇರಿಯ ಮನುಷ್ಯ, ಅವರಿಗೆ ಎಲ್ಲ ವ್ಯಾಜ್ಯಕ್ಕೂ ನಡುದಾರಿ ಗೊತ್ತು. "ಎಡಿಗೆ ಎರಡೂ ಇಡಲಿ. ಈ ಕಡೆ ಶಿರಾ, ಆ ಕಡೆ ಉಪ್ಪಿಟ್ಟು. ಫೈಲ್ ಬಂದ್," ಎಂದರು. ಚಲೋ ಅನಿಸಿ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಎರಡು ತಿಂದಿದ್ರ ಎರಡು ಇಡೂಣ್ರಿ. ಒಂದ ತಿಂದಿದ್ರ ಒಂದ. ನಾ ಏನ್ ಹೋಟೆಲ್ ಇಟ್ಟೇನೇನು, ಬೇಕಾದ್ದು ಆರಿಸ್ಕೋ ಅನ್ನಾಕ?"

ಮತ್ತೆ ರೊಟ್ಟಿಯ ಸಪ್ಪಳ ಶುರುವಾಯಿತು. ಆ ದಾರಿ ಅಲ್ಲಿಗೆ ಮುಚ್ಚಿತು.

ಅಮಾವಾಸ್ಯೆ ಹತ್ತಿರವಾಗುತ್ತಿತ್ತು. ಇಬ್ಬರನ್ನೂ ಒಟ್ಟಿಗೆ ಕೂರಿಸೋಣವೆಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದೆ. ಊಟವೆಂದರೆ ಇಬ್ಬರೂ ಬರುತ್ತಾರೆಂದು ಗೊತ್ತಿತ್ತು. ಪ್ರೇರಣೆ ಏನೆಂದು ಮೊದಲ ದಿನವೇ ಹೇಳಿದ್ದರಲ್ಲ.

ಅದಕ್ಕೂ ಮುಂಚೆ ಧ್ವನಿಮುದ್ರಣಗಳನ್ನು ಬರಹಕ್ಕಿಳಿಸುವ ಕೆಲಸ ಮುಗಿಸಬೇಕಿತ್ತು. ನನ್ನ ಕ್ರಮವೆಂದರೆ ಒಮ್ಮೆ ಸುಮ್ಮನೆ ಕೇಳುವುದು, ಆಮೇಲೆ ನಿಲ್ಲಿಸಿ ನಿಲ್ಲಿಸಿ ಬರೆಯುವುದು, ಕಡೆಗೆ ಬರೆದದ್ದನ್ನು ನೋಡುತ್ತ ಇನ್ನೊಮ್ಮೆ ಕೇಳುವುದು. ಕೇಳುವಾಗ ಕೈಗೆ ಕೆಲಸವಿರಲೆಂದು ಶೇಂಗಾಕಾಯಿ ಸುಲಿಯುತ್ತ ಕೂತೆ. ನಮ್ಮ ಓಣಿಗೆ ಪಾವ್ ಬ್ರೆಡ್ಡು ಮಾರಲು ಬರುವವನು ಹಾರ್ನ್ ಒತ್ತುತ್ತ ಸೈಕಲ್ ಮೇಲೆ ಹೋದ, ಒಂದು ವಾಕ್ಯ ತಪ್ಪಿತು. ಹಿಂದೆ ಸರಿಸಿ ಮತ್ತೆ ಕೇಳಿದೆ. ಸುಬೇದಾರರ ದನಿ ಹೇಳುತ್ತಿತ್ತು: "ತಿಂಡಿ ತಿಂದು ಹೊಂಟ್ವಿ. ನನಗ ಖಾರ ನೆತ್ತಿಗೇರಿ ಕೆಮ್ಮು. ಕೆಮ್ಮಬಾರದು, ಶತ್ರು ಕೇಳತಾನ. ಹಿಮಾ ನುಂಗಿದೆ."

ಕಾಯಿ ಕೈಯಲ್ಲೇ ಉಳಿಯಿತು. ಶಿರಾ ತಿಂದವರಿಗೆ ಖಾರ ನೆತ್ತಿಗೇರುವುದು ಹೇಗೆ?

ಹವಾಲ್ದಾರರ ಧ್ವನಿಮುದ್ರಣವನ್ನು ಮತ್ತೆ ಹಾಕಿದೆ. ಕಾಲುಚೀಲಗಳ ನಡುವೆ ಎಲ್ಲೋ ಇತ್ತು: "ರೈಫಲ್ ಹಿಡದ್ರ ಕೈ ಜಿಗಿಜಿಗಿ. ಬೆಳಗಿನ ಮಟಾ ರೈಫಲ್ಲಿಗೆ ಕೈಗವಸ ಅಂಟತಿತ್ತು." ನಾನು ಮದುವೆಯಾದಾಗಿನಿಂದ ಉಪ್ಪಿಟ್ಟು ಮಾಡುತ್ತಿದ್ದೇನೆ. ಎಣ್ಣೆ ಹತ್ತಿದರೆ ಕೈ ಜಾರುತ್ತದೆ, ಜಿಗಿ ಆಗುವುದಿಲ್ಲ. ಜಿಗಿ ಆಗುವುದು ಸಕ್ಕರೆಗೆ.

ಶಿರಾ ಎಂದವರಿಗೆ ಖಾರ ಹತ್ತಿದೆ, ಉಪ್ಪಿಟ್ಟು ಎಂದವರ ಕೈ ಅಂಟಿದೆ. ಇಬ್ಬರೂ ಮರೆತಿಲ್ಲ, ಇಬ್ಬರೂ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಆಗ ಅನಿಸಿತು. ಮುಚ್ಚಿಡುವವರನ್ನು ಪ್ರಶ್ನೆ ಕೇಳಿ ಉಪಯೋಗವಿಲ್ಲ. ಇಷ್ಟು ದಿನ ನಾನು ಮಾಡಿದ ತಪ್ಪೇ ಅದು: ಗಂಡಸರನ್ನು ಕೈ ಖಾಲಿ ಬಿಟ್ಟು, ಎದುರು ಕೂರಿಸಿ, ನೆನಪು ಹೇಳಿ ಎಂದಿದ್ದೆ. ನಮ್ಮ ಮನೆಗಳಲ್ಲಿ ಯಾರು ತಾನೆ ಹಾಗೆ ನೆನಪು ಹೇಳುತ್ತಾರೆ? ಬೆಳ್ಳುಳ್ಳಿ ಸುಲಿಯುವಾಗ, ಶಾವಿಗೆ ಹೊಸೆಯುವಾಗ ಮಾತು ತಾನಾಗಿ ಬರುತ್ತದೆ. ಪ್ರಶ್ನೆಗಳ ಹಾಳೆಯನ್ನು ಶೇಂಗಾಕಾಯಿಯ ಸಿಪ್ಪೆಯ ಜೊತೆ ಸುತ್ತಿ ಬುಟ್ಟಿಗೆ ಹಾಕಿದೆ.

ಭಾನುವಾರ ಇಬ್ಬರೂ ಬಂದರು. ಒಬ್ಬರು ಸೋಫಾದ ಈ ತುದಿಗೆ, ಒಬ್ಬರು ಆ ತುದಿಗೆ ಕೂತರು. ನಡುವೆ ನಮ್ಮ ಮನೆಯವರು ಗಡಿರೇಖೆಯ ಹಾಗೆ.

"ಊಟ ತಯಾರಿಲ್ರಿ," ಎಂದೆ ನಾನು. "ಇವತ್ತು ನೀವಿಬ್ಬರೂ ಮಾಡಬೇಕು. ಅವತ್ತು ಏನು ಮಾಡಿದ್ರೋ ಅದನ್ನ. ಅಡಿಗಿ ಮನಿ ಒಳಗ ಬರ್ರಿ."

ಸುಬೇದಾರರು ಮೀಸೆ ಮುಟ್ಟಿಕೊಂಡರು. ಹವಾಲ್ದಾರರು ತಮ್ಮ ಕಾಲುಚೀಲ ನೋಡಿಕೊಂಡರು. ಹೆಣ್ಣುಮಗಳ ಆಜ್ಞೆ ಮೀರಲಾಗದೆ, ಇಬ್ಬರೂ ಸಾಲಾಗಿ ಒಳಗೆ ಬಂದರು. ಕಟ್ಟೆಯ ಮೇಲೆ ರವೆ, ಈರುಳ್ಳಿ, ಸಾಸಿವೆ, ಮೆಣಸಿನಕಾಯಿ, ತುಪ್ಪ ಎಲ್ಲ ಇಟ್ಟಿದ್ದೆ. ಗೋಡೆಯ ಪಕ್ಕ ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿಗಳಿದ್ದವು, ಒಂದರಲ್ಲಿ ಉಪ್ಪು, ಒಂದರಲ್ಲಿ ಸಕ್ಕರೆ. ಅವನ್ನು ನಾನು ಬೇಕೆಂದು ಇಟ್ಟದ್ದಲ್ಲ, ನಮ್ಮಲ್ಲಿ ಅವು ಯಾವಾಗಲೂ ಅಲ್ಲೇ ಇರುತ್ತವೆ.

ಮೊದಲ ಹತ್ತು ಮಾತು ಜಗಳವೇ. ಹವಾಲ್ದಾರರು ಈರುಳ್ಳಿ ಹೆಚ್ಚತೊಡಗಿದರು. ಸುಬೇದಾರರು, "ಈರುಳ್ಳಿ ಹಂಗ ಹೆಚ್ಚತಾರೇನು? ಕಟಗಿ ಒಡಿಯಾಕತ್ತಿಯೇನು?" ಎಂದರು. "ಹಂಗಾರ ನೀವ ಹೆಚ್ಚರಿ ಸಾಹೇಬ್ರ." "ಆರ್ಡರ್ ಕೊಡಾವ ಹೆಚ್ಚೂದಿಲ್ಲ." "ಆರ್ಡರ್ ಕೊಡಾಕ ಆವಾಗ ನೀವ್ ಯಾರಿದ್ರಿ?" ನಾನು ಬಾಗಿಲ ಬಳಿ ನಿಂತು ಒಂದು ಸಂಗತಿ ಗಮನಿಸಿದೆ. ಶಿರಾ ಎಂದು ಆಣೆ ಮಾಡಿದ ಸುಬೇದಾರರು ಈರುಳ್ಳಿ ಹೇಗೆ ಹೆಚ್ಚಬೇಕೆಂದು ತಕರಾರು ತೆಗೆದರೇ ಹೊರತು, ಶಿರಾಕ್ಕೆ ಈರುಳ್ಳಿ ಯಾಕೆಂದು ಕೇಳಲಿಲ್ಲ.

"ಬೆಳಕ ತೆಗೀರಿ," ಎಂದರು ಹವಾಲ್ದಾರರು ತಟ್ಟನೆ. "ಅವತ್ತ ಬೆಳಕಿರಲಿಲ್ಲ."

ದೀಪ ಆರಿಸಿದೆ. ಕಿಟಕಿಯ ಪರದೆ ಎಳೆದೆ. ಅಡಿಗೆಮನೆ ಒಲೆಯ ಮೇಲಿನ ಬಾಣಲೆಯ ಹಾಗೆ ಕಾಯುತ್ತಿತ್ತು. ಹಿಮಗುಡ್ಡವನ್ನು ನೆನೆಯುತ್ತ ಇಬ್ಬರೂ ಬೆವರು ಸುರಿಸಿದರು. ಗ್ಯಾಸಿನ ನೀಲಿ ಬೆಳಕಿಗೆ ಸುಬೇದಾರರು ನನ್ನ ದೊಡ್ಡ ತಾಟೊಂದನ್ನು ಅಡ್ಡ ಹಿಡಿದು ನಿಂತರು, ಯಾರೂ ಹೇಳದೆ.

"ಸಂಜಿ ಸ್ಟ್ಯಾಂಡ್-ಟು ಮುಗದಿತ್ತರಿ," ಎಂದರು ಅವರು. ಇಷ್ಟು ದಿನದಲ್ಲಿ ಮೊದಲ ಸಲ ವರದಿಯ ದನಿ ಬಿಟ್ಟು ಮಾತಾಡಿದರು. ಹೊತ್ತು ಮುಳುಗುವಾಗ ಎಲ್ಲರೂ ಬಂದೂಕು ಹಿಡಿದು ಗುರಿಯಿಟ್ಟು ಕಾಯುವ ಹೊತ್ತಿಗೆ ಸ್ಟ್ಯಾಂಡ್-ಟು ಎನ್ನುತ್ತಾರೆ. "ದಂಡಿನ ಅಡಿಗಿಮನಿ ಲಂಗರದ ಊಟ ಮ್ಯಾಲಿನ ಮಟಾ ಬಂದಿರಲಿಲ್ಲ. ಪೈಲ್ವಾನಗ ಅವತ್ತ ಊರಿಂದ ಪಾರ್ಸೆಲ್ ಬಂದಿತ್ತು. ಹುರದ ರವಾ, ಸಾಸಿವಿ, ಮೆಣಸಿನಕಾಯಿ, ಎಲ್ಲಾ. ಎಲ್ಲಾರಿಗೂ ನಾನ ಮಾಡ್ತೀನಂದ. ತಾಡಪತ್ರಿ ಕೆಳಗ ಸ್ಟೋವ್, ಸುತ್ತಲೂ ತಗಡು. ಬೀಡಿ ಹಚ್ಚಾಕೂ ಪರವಾನಗಿ ಇಲ್ಲ, ಅಂಥಾ ಕತ್ತಲಾಗ."

ಸಾಸಿವೆ ಚಟಪಟ ಎಂದಿತು. ಇಬ್ಬರೂ ತಲೆ ತಗ್ಗಿಸಿದರು, ಹಳೆಯ ಅಭ್ಯಾಸ. ಈರುಳ್ಳಿ ಬಿತ್ತು, ನೀರು ಬಿತ್ತು, ರವೆ ಬಿತ್ತು. ಇನ್ನು ಉಳಿದದ್ದೊಂದೇ. ಹವಾಲ್ದಾರರ ಕೈ ಕತ್ತಲಲ್ಲಿ ಎರಡು ಡಬ್ಬಿಗಳ ಕಡೆ ಹೋಗಿ, ನಡುವೆಯೇ ನಿಂತಿತು.

ನನಗೇನು ಗೊತ್ತು, ಸಹಾಯವಾಗಲೆಂದು ಹೇಳಿದೆ: "ಎಡಗಡಿದು ಉಪ್ಪು, ಬಲಗಡಿದು ಸಕ್ಕರಿ. ನೋಡ್ಕೋರಿ, ಅದಲು ಬದಲಾದೀತು."

ಸುಬೇದಾರರ ಕೈಯಿಂದ ತಾಟು ಬಿತ್ತು. ಅವರು ಅಡಿಗೆಕಟ್ಟೆ ಹಿಡಿದು ಬಗ್ಗಿದ್ದರು. ನನಗೆ ಗಾಬರಿಯಾಗಿ ದೀಪ ಹಾಕಿದೆ. ಅವರು ನಗುತ್ತಿದ್ದರು. ಹವಾಲ್ದಾರರು ನೆಲಕ್ಕೇ ಕೂತು, ಸೌಟು ಎದೆಗವುಚಿಕೊಂಡು ನಗುತ್ತಿದ್ದರು. ನಗು ನಿಲ್ಲುವಷ್ಟರಲ್ಲಿ ನಮ್ಮ ಮನೆಯವರು ಒಳಗೆ ಬಂದು, ಏನೆಂದು ತಿಳಿಯದೆ, ತಾವೂ ಸ್ವಲ್ಪ ನಕ್ಕು ಹೋದರು.

"ಒಂದ ಮಗ್ಗ ತುಂಬ ಸುರದಾನ್ರಿ ಪೈಲ್ವಾನ!" ಎಂದರು ಹವಾಲ್ದಾರರು ಕಣ್ಣೊರೆಸಿಕೊಳ್ಳುತ್ತ. "ಎರಡು ಚೀಲ ಒಂದ ನಮೂನಿ. ಹಸರ ಅರಿವೀವು. ಉಪ್ಪಂತ ತಿಳದು ಸಕ್ಕರಿ. ಈರುಳ್ಳಿ, ಮೆಣಸಿನಕಾಯಿ, ಸಾಸಿವಿ, ಅದರ ಮ್ಯಾಲ ಸಕ್ಕರಿ! ಬಾಯಾಗ ಇಟ್ಟಾಗ ಖಬರ ಆತು. ಚೆಲ್ಲಾಕ ಬರೂದಿಲ್ಲ, ಇದ್ದದ್ದ ಅಷ್ಟ ರವಾ."

"ಪೈಲ್ವಾನ ಏನಂದ ಹೇಳು," ಎಂದರು ಸುಬೇದಾರರು.

"'ಇದು ನಮ್ಮೂರಿನ ಪದ್ಧತಿ, ಗಪ್ಪ ಕುಂತು ತಿನ್ನರಲೇ' ಅಂದ. ಅವನೂರು ನನ್ನೂರಿಗೆ ಕೂಗಳತಿ ದೂರ! ನಕ್ಕೂ ನಕ್ಕೂ ಸತ್ವಿ. ಸಪ್ಪಳ ಮಾಡಬಾರದು, ನಗು ತಡಿಯೂದಿಲ್ಲ. ಸೆಕ್ಷನ್ ಕಮಾಂಡರ್ ಕೈಲೆ ನಮ್ಮ ಬಾಯಿ ಮುಚ್ಚಿದ, ಆಮ್ಯಾಲ ಅಂವಗೂ ನಗು ಬಂತು, ತನ್ನ ಬಾಯಿ ಮುಚ್ಚಿಕೊಂಡ. ಹಗ್ಗಾ ಹಿಡದು ಏರಾಕ ಶುರು ಮಾಡಿದ್ರೂ ಮುಂದಿನವನ ಬೆನ್ನ ಅಲುಗತಿತ್ತು. ಅದು ಪೈಲ್ವಾನಂದ. ನಗಾಕತ್ತಿದ್ದ."

"ಆಮೇಲೆ?" ಎಂದೆ. ಮಾತು ಕತ್ತರಿಸಬಾರದೆಂಬುದು ಆ ಕ್ಷಣ ನೆನಪಿಗೆ ಬರಲಿಲ್ಲ.

ಹವಾಲ್ದಾರರು ಸೌಟನ್ನು ನೆಲದ ಮೇಲಿಟ್ಟರು. "ಆಮ್ಯಾಲ ಸೀರಿ ಹರದಂಗ ಸಪ್ಪಳ. ನಾ ಬಂಡಿ ಮರಿಗೆ ಬಿದ್ದೆ. ಪೈಲ್ವಾನ ನನ್ನ ಕಡೆ ತಿರುಗಿ, ಕೈ ನೆಕ್ಕಿ ತೋರಿಸಿದ. ಸಿಹಿ ಐತಿ ಅನ್ನಾವ್ರಗತೆ. ಆಮ್ಯಾಲ ಎದ್ದು ಓಡಿದ. ಅಷ್ಟ."

ಬಾಣಲೆಯಲ್ಲಿ ರವೆ ತಳ ಹಿಡಿಯುತ್ತಿತ್ತು. ನಾನು ಒಲೆ ಆರಿಸಿದೆ.

"ಹಂಗಾರ ಅಕ್ಕಗ ಯಾಕ ಹೇಳಲಿಲ್ರಿ, ಇಷ್ಟು ವರ್ಷ?"

"ಹೆಂಗ ಹೇಳೂದ್ರಿ?" ಎಂದರು ಸುಬೇದಾರರು. "ದೇಶಕ್ಕಾಗಿ ಜೀವ ಕೊಟ್ಟಾನ. ಹಾರ ಹಾಕ್ಯಾರ, ತೋಪು ಹಾರಿಸ್ಯಾರ. ಅವನ ಹೆಂಡ್ತಿ ಮುಂದ ನಿಂತು, ನಿನ್ನ ಗಂಡ ಉಪ್ಪಿಟ್ಟಿಗೆ ಸಕ್ಕರಿ ಸುರುವಿದಾ ಅನ್ನಾಕ ಬರತದೇನು? ಯಾರಿಗೂ ಹೇಳಬಾರದಂತ ನಾವಿಬ್ರೂ ಆವಾಗ ಮಾತ ಕೊಟ್ಟಗೊಂಡೇವಿ."

"ಮತ್ತ ಒಬ್ಬರು ಶಿರಾ, ಒಬ್ಬರು ಉಪ್ಪಿಟ್ಟು ಯಾಕ ಅಂದ್ರಿ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಏನ್ ಹೇಳಬಾರದಂತ ಮಾತಾಗಿತ್ತರಿ," ಎಂದರು ಹವಾಲ್ದಾರರು. "ಏನ್ ಹೇಳಬೇಕಂತ ಮಾತಾಗಿರಲಿಲ್ಲ."

ಕಾರ್ಯದರ್ಶಿಗಳಿಗೆ ಫೋನಿನಲ್ಲಿ ಸಂಗತಿ ತಿಳಿಸಿದೆ. ಅವರು, "ಗುಂಡಿನ ಸಪ್ಪಳ ಅದ ಅಲ್ರಿ, ಅಷ್ಟ ಸಾಕು. ಈ ಉಪ್ಪು-ಸಕ್ಕರಿ ಬ್ಯಾಡ. ಹುತಾತ್ಮರ ಮರ್ಯಾದಿ ಪ್ರಶ್ನೆ," ಎಂದರು. ಅಕ್ಕ ಏನನ್ನುತ್ತಾರೋ ಹಾಗೆ ಬರೆಯುತ್ತೇನೆಂದು ಹೇಳಿ ಇಟ್ಟೆ.

ಅಮಾವಾಸ್ಯೆಯ ದಿನ ನಾವು ಮೂವರೂ ಕುಡಚಡೆಗೆ ಹೋದೆವು. ಮಷೀನ್‌ಗನ್ನಿಗೆ ಎದುರಾಗಿ ಗುಡ್ಡ ಏರಿದ ಇಬ್ಬರು, ಅಕ್ಕನ ಮನೆಯ ಮೂರು ಮೆಟ್ಟಿಲು ಏರುವಾಗ ನನ್ನನ್ನು ಮುಂದೆ ಬಿಟ್ಟು ನನ್ನ ಸೆರಗಿನ ಹಿಂದೆ ನಿಂತರು. "ನೀವ ಹೇಳ್ರಿ ಬಾಯಾರ," ಎಂದು ಸುಬೇದಾರರು ಪಿಸುಗುಟ್ಟಿದರು. "ನಿಮ್ಮ ಕನ್ನಡ ಶುದ್ಧ ಐತಿ."

ಭಾವಚಿತ್ರದ ಮುಂದೆ ಬಾಳೆ ಎಲೆ ಹಾಸಿತ್ತು. ಅನ್ನ, ಪಲ್ಯ, ಎಣ್ಣೆಗಾಯಿ ಎಲ್ಲ ಪಕ್ಕದಲ್ಲಿ ಮುಚ್ಚಿಟ್ಟಿತ್ತು. ಎಲೆ ಮಾತ್ರ ಖಾಲಿ. ನಾನು ಹೇಳಿದೆ. ಪಾರ್ಸೆಲ್ಲಿನಿಂದ ಹಿಡಿದು ನೆಕ್ಕಿದ ಕೈಯವರೆಗೆ, ಒಂದೂ ಬಿಡದೆ. ಹೇಳುವಾಗ ಅವರ ಮುಖ ನೋಡಲು ಧೈರ್ಯವಾಗದೆ ಎಲೆಯನ್ನೇ ನೋಡುತ್ತಿದ್ದೆ.

"ಪಾರ್ಸೆಲ್ ಮುಟ್ಟಿತ್ತೇನು?" ಎಂದರು ಅಕ್ಕ.

ನಮಗೆ ಯಾರಿಗೂ ಆ ಪ್ರಶ್ನೆ ಬರುತ್ತದೆಂದು ಗೊತ್ತಿರಲಿಲ್ಲ.

"ಹಸರ ಚೀಲ ಅಂದ್ರಿ. ನನ್ನ ಕುಬಸದ ಅರಿವಿ ಅದು. ರವಾ ನಾನ ಹುರದು ಕಳಿಸಿದ್ದೆ. ಮುಟ್ಟಿತೋ ಇಲ್ಲೋ, ಯಾರನ್ನ ಕೇಳಬೇಕು? ಉಪಾಸ ಹೋಗ್ಯಾನಂತ ತಿಳಕೊಂಡಿದ್ನಿ ನಾ."

"ಮುಟ್ಟಿತ್ತ್ರಿ ಅಕ್ಕಾರ," ಎಂದರು ಹವಾಲ್ದಾರರು ನನ್ನ ಹಿಂದಿನಿಂದ. "ಎಲ್ಲಾರೂ ತಿಂದ್ವಿ."

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಸುಬೇದಾರರು ನನ್ನತ್ತ ಗಾಬರಿಯಿಂದ ನೋಡಿದರು. ಸೆರಗು ಸರಿಸಿದಾಗ ಕಣ್ಣಲ್ಲಿ ನೀರಿತ್ತು, ಆದರೆ ಬಾಯಿ ನಗುತ್ತಿತ್ತು.

"ಉಪ್ಪಿನ ಚೀಲಕ್ಕ ಒಂದ ಗಂಟ, ಸಕ್ಕರಿ ಚೀಲಕ್ಕ ಎರಡು! ಪ್ರತೀ ಸಲಾ ಹಂಗ ಕಟ್ಟಿ ಕಳಸ್ತಿದ್ದೆ. ಮಿಲಿಟ್ರಿ ಉಪ್ಪು ಸಪ್ಪಗಂತ, ಅದಕ್ಕ ಮನಿ ಉಪ್ಪ ಬೇಕು ಇವಗ. ಎರಡು ಗಂಟ ಎಣಿಸಾಕ ಬರಲಿಲ್ಲ ನೋಡ್ರಿ! ಜಾತ್ರ್ಯಾಗ ಕುಸ್ತಿ ಹಿಡದು ಮಂದೀನ್ನ ಕೆಡವಾಂವ!"

"ಬೆರಳಿಗೆ ಜೀವ ಇರಲಿಲ್ರಿ," ಎಂದರು ಸುಬೇದಾರರು ಗೆಳೆಯನ ಪರ ವಹಿಸಿ. "ಆ ಥಂಡ್ಯಾಗ ನಮ್ಮ ಬೆರಳ ನಮ್ಗ ಗೊತ್ತಾಗತಿರಲಿಲ್ಲ."

"ಏನ್ ಬೆರಳಿನ ಮಾತ ಹೇಳ್ತೀರಿ! ಮನ್ಯಾಗ ಬೆಳಕಿನ್ಯಾಗೂ ಚಹಾಕ್ಕ ಉಪ್ಪ ಹಾಕಿ, ತಪ್ಪ ನನ್ನ ಮ್ಯಾಲ ಹಾಕತಿದ್ದ."

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ಒಲೆ ಹಚ್ಚಿದರು. ಕಾರ್ಯದರ್ಶಿಗಳ ಮಾತನ್ನು ನಾನು ಆಗ ತಿಳಿಸಿದೆ: ಇದನ್ನು ಸಂಚಿಕೆಯಿಂದ ಕೈಬಿಡಬೇಕಂತೆ, ನಿಮ್ಮ ಅಭಿಪ್ರಾಯವೇನು? ಅಕ್ಕ ಸಾಸಿವೆ ಸಿಡಿಸುತ್ತ, ತಿರುಗಿ ನೋಡದೆ ಹೇಳಿದರು.

"ಹುಲಿ ಹಂಗ ಕಾದಿದ, ಸಿಂಹದ ಹಂಗ ಬಿದ್ದ ಅಂತ ಬಂದಾವ್ರೆಲ್ಲಾ ಭಾಷಣಾ ಮಾಡ್ಯಾರ. ಯಾರ ಬಗ್ಗೆ ಹೇಳಾಕತ್ತಾರಿವರು ಅನಸ್ತಿತ್ತು ನನಗ. ಇಂವ ನನ್ನ ಗಂಡ. ಬರೀರಿ."

ಈರುಳ್ಳಿ ಹಾಕಿದರು, ಮೆಣಸಿನಕಾಯಿ ಹಾಕಿದರು, ನೀರು ಕುದಿಸಿ ರವೆ ಸುರಿದರು. ಆಮೇಲೆ ಸಕ್ಕರೆಯ ಡಬ್ಬಿ ತೆಗೆದು, "ಒಂದ ಮಗ್ಗ ಅಂದ್ರೆಲ್ಲಾ?" ಎಂದು ಹವಾಲ್ದಾರರನ್ನು ಕೇಳಿ, ಅಷ್ಟನ್ನೂ ಹಾಕಿದರು. ಎಲೆಯ ಮೇಲೆ ಮೊದಲು ಅದನ್ನೇ ಬಡಿಸಿದರು. ಸುಬೇದಾರರೂ ಹವಾಲ್ದಾರರೂ ಭಾವಚಿತ್ರದ ಮುಂದೆ ಸೆಟೆದು 'ಸಾವಧಾನ್' ಭಂಗಿಯಲ್ಲಿ ನಿಂತರು.

ಪೂಜೆ ಮುಗಿಯಿತು. ಅವರು ಇನ್ನೂ ನಿಂತೇ ಇದ್ದರು.

"ನಿಂತಿರೇನು? ಕುಂದರ್ರಿ," ಎಂದರು ಅಕ್ಕ, ಬಾಣಲೆಯನ್ನೇ ಹೊತ್ತು ತಂದು. "ಅವತ್ತ ಪೂರಾ ತಿಂದಿದ್ರಿಲ್ಲೋ?"

"ತಿಂದಿದ್ವಿರಿ," ಎಂದರು ಇಬ್ಬರೂ, ಸಿಪಾಯಿಗಳ ಹಾಗೆ ಒಂದೇ ದನಿಯಲ್ಲಿ.

"ಹಂಗಾರ ಇವತ್ತೂ ಪೂರಾ ತಿನ್ನರಿ. ಬಾಯಾರ, ನೀವೂ."

ಸುಬೇದಾರರು ಸಕ್ಕರೆ ಕಾಯಿಲೆಯ ಮಾತೆತ್ತಿದರು. ಅಕ್ಕ ಅವರ ಕಡೆ ಒಮ್ಮೆ ನೋಡಿದರು, ಅವರು ಕೂತರು. ಮೊದಲ ತುತ್ತಿಗೆ ಈರುಳ್ಳಿ, ಎರಡನೆಯದಕ್ಕೆ ಸಕ್ಕರೆ, ಮೂರನೆಯದಕ್ಕೆ ಮೆಣಸಿನಕಾಯಿ. ನನ್ನ ಜನ್ಮದಲ್ಲಿ ಅಷ್ಟು ಕೆಟ್ಟ ತಿನಿಸನ್ನು ತಿಂದಿಲ್ಲ. ಅಕ್ಕ ತಾವೂ ಒಂದು ತುತ್ತು ಬಾಯಿಗಿಟ್ಟು, "ಥೂ, ಹೊಲಸಾಗೇತಿ," ಎಂದು, ಇನ್ನಷ್ಟು ಬಡಿಸಿಕೊಂಡರು. ಎದುರು ಕೂತಿದ್ದ ಹವಾಲ್ದಾರರ ಭುಜ ಅಲುಗತೊಡಗಿತು. ಅವರನ್ನು ನೋಡಿ ಸುಬೇದಾರರು ಕೈಯಿಂದ ಬಾಯಿ ಮುಚ್ಚಿಕೊಂಡರು.

ಬೆನ್ನು ನೆಟ್ಟಗಿಟ್ಟುಕೊಂಡು ನಾನು ಎಲೆ ಖಾಲಿ ಮಾಡಿದೆ. ಕೈ ತೊಳೆದರೂ ಬಸ್ಸಿನ ಕಂಬಿಗೆ ಮಡಗಾಂವಿನವರೆಗೆ ಬೆರಳು ಅಂಟುತ್ತಲೇ ಇದ್ದವು.